ಕಣ್ಣು ತೆರೆಯದ ಹಕ್ಕಿ

ಬಹಳ ಹಿಂದೆ, ಕಡಲಿಗೆ ಇನ್ನೂ ಉಪ್ಪು ಬೆರೆಯದ ಕಾಲದಲ್ಲಿ, ಮಂಕುನಾಡು ಎಂಬ ರಾಜ್ಯವಿತ್ತು. ಅಲ್ಲಿ ಮಕ್ಕಳ ಸದ್ದೇ ಇರಲಿಲ್ಲ. ಕಡಲಾಚೆಯ ದ್ವೀಪದ ಮಾಯಾವಿ ಉಸಿರುಗಳ್ಳ ಅವರ ಉಸಿರನ್ನೆಲ್ಲ ಕದ್ದು ಕಬ್ಬಿಣದ ಗಂಟೆಯೊಳಗೆ ತುಂಬಿಟ್ಟಿದ್ದ. ಮಕ್ಕಳು ಸತ್ತಿರಲಿಲ್ಲ, ಬದುಕಿಯೂ ಇರಲಿಲ್ಲ. ಬೂದಿ ಬಣ್ಣಕ್ಕೆ ತಿರುಗಿ ಮಲಗಿದ್ದರು. ಗಂಟೆ ಒಮ್ಮೆ ಬಾರಿಸಿದರೆ ಉಸಿರು ಮನೆಗೆ ಮರಳುತ್ತಿತ್ತು. ಆದರೆ ಬಾರಿಸಲು ಹೋದ ವೀರರ ಉಸಿರೂ ಅದರೊಳಗೇ ಸೇರಿತು.

ಬಡಗಿ ಕೆಂಚಾಂಬೆಯ ಮಗಳು ತುಂಗೆಯೂ ಹಾಗೇ ಮಲಗಿದ್ದಳು.

"ಅಪ್ಪಯ್ಯ, ಉಸಿರೇ ಇಲ್ಲದ್ದನ್ನ ಕಳಿಸಿದರೆ ಅವನು ಕದಿಯೋದೇನನ್ನ?" ಎಂದಳು ಕೆಂಚಾಂಬೆ.

ಅಪ್ಪ ಮಾಳಾಚಾರಿ ಉಳಿ ಎತ್ತಿಕೊಂಡ. ಇಬ್ಬರೂ ಸೇರಿ ಹಗುರ ಮರದಲ್ಲಿ ಹಕ್ಕಿ ಕೆತ್ತಿದರು. ಹೊಟ್ಟೆಯೊಳಗೆ ಹುರಿ ಸುತ್ತಿ ಬಿಟ್ಟರೆ ರೆಕ್ಕೆ ಬಡಿಯುತ್ತ ಹಾರುವ ಹಕ್ಕಿ. ಕೊಕ್ಕಿಗೆ ಸೂಜಿಗಲ್ಲು ಕಟ್ಟಿದರು. ಎಷ್ಟೇ ದೂರದ ಕಬ್ಬಿಣವಾದರೂ ಅದು ಹುಡುಕಿಕೊಂಡು ಹೋಗುತ್ತಿತ್ತು. ಅದಕ್ಕಾಗಿ ಊರಿನ ಕಬ್ಬಿಣವನ್ನೆಲ್ಲ ಮೊದಲು ಆಳವಾಗಿ ಹೂಳಬೇಕಾಯಿತು. ಅರಸನ ಚಿನ್ನದ ಕಿರೀಟವನ್ನೂ ಹೂಳಬೇಕಾದದ್ದು ಯಾಕೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಕೆತ್ತಿದ ಬೊಂಬೆಗೆ ಕೊನೆಯಲ್ಲಿ ಚಿನ್ನದ ಸೂಜಿಯಿಂದ ಕಣ್ಣು ತೆರೆಯುವುದು ಆ ಮನೆತನದ ಪದ್ಧತಿ. ಮಾಳಾಚಾರಿ ಕಣ್ಣು ತೆರೆದ. ಹಕ್ಕಿ ಹಾರಿತು. ಮರಳಿ ಬಂದದ್ದು ಮುರಿದ ರೆಕ್ಕೆ.

"ಉಸಿರುಗಳ್ಳ ನೀರ ಮೇಲೆ ಕಾಡು ತೋರಿಸಿದ," ಎಂದಿತು ದಡಕ್ಕೆ ಬಂದ ಮುದಿ ಆಮೆ. (ಆಗೆಲ್ಲ ಆಮೆಗಳು ಮಾತಾಡುತ್ತಿದ್ದವು, ಅದೂ ಅತಿಯಾಗಿ.) "ಹಕ್ಕಿ ತಾನು ಮರವಾಗಿದ್ದ ದಿನ ನೆನಪಾಗಿ ಇಳಿಯಿತು. ಮುಳುಗಿತು."

ಎರಡನೆಯ ಹಕ್ಕಿಗೂ ಕಣ್ಣು ತೆರೆದರು. ಅದಕ್ಕೆ ಬೆಳ್ಳಕ್ಕಿಗಳ ಹಿಂಡು ಕಂಡಿತು. ಜೊತೆಗೂಡಲು ಹೋಯಿತು. ಅದು ಬರೀ ನೊರೆ.

ಅಷ್ಟರಲ್ಲಿ ತುಂಗೆಯ ತುಟಿ ಕಪ್ಪಿಟ್ಟಿತ್ತು. ಉಳಿದಿದ್ದ ಮರ ಇನ್ನೊಂದೇ ಹಕ್ಕಿಗೆ ಸಾಕಾಗುವಷ್ಟು.

ಮೂರನೆಯದು ಸಿದ್ಧವಾದಾಗ ಕೆಂಚಾಂಬೆ ಸೂಜಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

"ಕಣ್ಣು ತೆರೆಯದೆ ಕಳಿಸ್ತೀಯೇನೇ? ಅಜ್ಜ ಮುತ್ತಜ್ಜರು ಎದ್ದು ಬಂದು ಬೈತಾರೆ!"

"ಬರಲಿ ಅಪ್ಪಯ್ಯ. ಹಾಗೇ ಹುರಿ ಸುತ್ತೋಕೂ ಒಂದು ಕೈ ಹಾಕಲಿ. ಕಣ್ಣು ಕೊಟ್ಟು ಆಸೆ ಹುಟ್ಟಿಸಿದ್ದು ನಾವೇ ಅಲ್ಲವೇ?"

ಕುರುಡು ಹಕ್ಕಿ ಹಾರಿತು. ಮಾಯಾವಿ ಕಾಡು ತೋರಿಸಿದ, ಅದು ಹಾರಿತು. ಹಿಂಡು ತೋರಿಸಿದ, ಹಾರಿತು. ಕೊನೆಗೆ ಕೆಂಚಾಂಬೆಯ ರೂಪ ತಾಳಿ ಅಲೆಯ ಮೇಲೆ ಕೈಚಾಚಿ ನಿಂತ. ಹಕ್ಕಿ ಅವನ ತಲೆಯ ಮೇಲಿಂದಲೇ ಹೋಗಿ ಗಂಟೆಗೆ ಬಡಿದು ಚೂರಾಯಿತು.

ಢಣ್!

ಉಸಿರೆಲ್ಲ ಹೊರಬಿತ್ತು. ಕದ್ದ ಉಸಿರಿನ ಮೇಲೇ ಬದುಕಿದ್ದ ಉಸಿರುಗಳ್ಳ ಕಮ್ಮಾರನ ತೂತುಬಿದ್ದ ತಿದಿಯಂತೆ ಕುಸಿದ. ವೀರರು ಮೈಮುರಿದು ಎದ್ದರು. ಇತ್ತ ತುಂಗೆ ಕಣ್ಣುಬಿಟ್ಟು, "ಅಮ್ಮಾ, ಹಸಿವು," ಎಂದಳು.

ಮಂಕುನಾಡಿನವರೆಲ್ಲ ಸುಖವಾಗಿದ್ದರು, ಕಿರೀಟದ ಸಮಜಾಯಿಷಿ ಕೊಡಬೇಕಾದ ಅರಸನೊಬ್ಬನನ್ನು ಬಿಟ್ಟು. ಕೆಂಚಾಂಬೆ ಮಾತ್ರ ದಡ ಬಿಟ್ಟು ಕದಲಲಿಲ್ಲ. ಕೊನೆಗೂ ಆಮೆ ಹಕ್ಕಿಯ ತಲೆಯನ್ನು ಬೆನ್ನ ಮೇಲೆ ಹೊತ್ತು ತಂದಿತು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನ ಗಂಟು ಬಿಚ್ಚಿದಳು. ಮಕ್ಕಳು ಆಡುತ್ತಿದ್ದ ಅಂಗಳದ ಕಡೆ ಅದರ ಮುಖ ತಿರುಗಿಸಿ, ಚಿನ್ನದ ಸೂಜಿಯಿಂದ ಕಣ್ಣು ತೆರೆದಳು.

"ಈಗ ನೋಡಪ್ಪ," ಎಂದಳು.