ಸಕ್ಕರೆ ಇಳಿಯದ ತಾಂಡೇಲ

ರೂಪೇಶ ತಾಂಡೇಲನ ಸಕ್ಕರೆ ಇಳಿಯಲೊಲ್ಲದು.

ಅಂಕೋಲೆ ಹತ್ತಿರದ ಅವರ್ಸಾ ಎಂಬ ಊರಿನ ತನ್ನ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಊರೂರಿನ ರೋಗಿಗಳಿಗೆ ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವುದು ನಾಗಶ್ರೀಯ ಕೆಲಸ. ಬೇರೆಯವರ ಸಕ್ಕರೆ ಇಳಿಯದಿದ್ದರೆ ಅವಳು ಪ್ಲಾನ್ ಬದಲಿಸುತ್ತಿದ್ದಳು. ಇವನದು ಇಳಿಯದಿದ್ದರೆ ತಾನೇ ಊಟ ಬಿಡುತ್ತಿದ್ದಳು.

ಅವನು ಕಾರವಾರದ ಬೈತಖೋಲದವನು, ಸ್ವಂತ ಟ್ರಾಲರ್ ನಡೆಸುವವನು. ಡಾಕ್ಟರು ಸಕ್ಕರೆ ಇದೆ ಎಂದ ದಿನವೇ ಹೆದರಿ ಅವಳ ಡಯಟ್ ಪ್ಲಾನ್‌ಗೆ ಸೇರಿದ್ದ. ಬಂಗಡೆ ಇಲ್ಲದೆ ಬದುಕಿಲ್ಲ ಎಂದವನಿಗೆ ಅವಳು ಬಂಗಡೆ ಬಿಡಿಸಲಿಲ್ಲ. ಹುರಿಯುವುದನ್ನು ಬಿಡಿಸಿದಳು, ಅನ್ನ ಅರ್ಧಕ್ಕಿಳಿಸಿ ಬಸಳೆ ಸೇರಿಸಿದಳು. ಶುಕ್ರವಾರದ ವಿಡಿಯೋ ಕಾಲ್‌ನಲ್ಲಿ ಅವನು ತಿಂದದ್ದನ್ನು ಚುಟುಕಾಗಿ ಹೇಳಿ, ತಿನ್ನದೆ ಬಿಟ್ಟದ್ದನ್ನು ವಿಸ್ತಾರವಾಗಿ ವರ್ಣಿಸುತ್ತಿದ್ದ. ಅಂಕೋಲೆಯ ಈಶಾಡು ಮಾವಿನ ಹೆಸರು ಬಂದರಂತೂ ಕಣ್ಣು ಮುಚ್ಚಿಬಿಡುತ್ತಿದ್ದ. ಮುಖ ಸಣ್ಣಗಾಗಿತ್ತು. ಅದು ಗುಣವೋ ರೋಗವೋ ತಿಳಿಯಲೆಂದೇ ತಾನು ಆ ಮುಖವನ್ನು ಅಷ್ಟು ಹೊತ್ತು ನೋಡುವುದು ಎಂದು ಅವಳು ತನಗೇ ಹೇಳಿಕೊಂಡಿದ್ದಳು.

ಆದರೆ ದಿನಾ ಬೆಳಗ್ಗೆ ವಾಟ್ಸ್ಯಾಪ್‌ಗೆ ಬರುವ ಗ್ಲುಕೋಮೀಟರ್ ಫೋಟೋದಲ್ಲಿ ಇನ್ನೂರರ ಮೇಲೇ. ಸಕ್ಕರೆಯಿಂದ ಅಪ್ಪನ ಕಾಲು ಹೋದದ್ದನ್ನು ಕಂಡವಳು ನಾಗಶ್ರೀ. ಮೇ ತಿಂಗಳ ಒಂದು ಬೆಳಗ್ಗೆ ಇನ್ನೂರೆಂಬತ್ತು ಕಂಡಿತು. ಇನ್ನು ಡಯಟ್ ಸಾಲದು, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಎನ್ನಲು ಫೋನ್ ಮಾಡಿದಳು.

ಎತ್ತಿದ್ದು ಅವನ ಆಯಿ ಗಂಗೂ. ಮಗ ಸೋಮವಾರವೇ ಬೋಟಿಗೆ ಹೋಗಿದ್ದಾನೆ, ಉಪ್ಪುನೀರು ತಾಗುತ್ತದೆಂದು ಫೋನು ಮನೆಯಲ್ಲೇ ಇಟ್ಟಿದ್ದಾನೆ, ಇವತ್ತು ಮಧ್ಯಾಹ್ನ ಬರುತ್ತಾನೆ ಎಂದಳು.

"ಹಾಗಾದ್ರೆ ಈ ಸಕ್ಕರೆ ಯಾರದ್ದು?"

"ನಂದೇ ಮಾರಾಯ್ತಿ. ದಿನಾ ನಂದೇ ಅಲ್ವಾ? ಚುಚ್ಚಿ ಫೋಟೋ ಹಾಕು ಆಯಿ, ತಪ್ಪಿಸಬೇಡ ಅಂತ ಹೇಳಿ ಹೋಗ್ತಾನೆ. ಬೆರಳೆಲ್ಲ ತೂತಾಯ್ತು ನಂದು."

ಮಾತಿನಲ್ಲೇ ತಿಳಿಯಿತು, ಗಂಗೂ ಮಾತ್ರೆಯನ್ನೂ ತಿನ್ನುತ್ತಾಳೆ, ಜಿಲೇಬಿಯನ್ನೂ ತಿನ್ನುತ್ತಾಳೆ. ಒಂದು ಇನ್ನೊಂದನ್ನು ನೋಡಿಕೊಳ್ಳುತ್ತದೆ ಎಂಬುದು ಅವಳ ನಂಬಿಕೆ.

ನಾಗಶ್ರೀಗೆ ಮೊದಲು ಸಿಟ್ಟು ಬಂತು. ಹಿಂದೆಯೇ ಭಯ. ಆಯಿಯ ಇನ್ನೂರೆಂಬತ್ತನ್ನು ಮುಂದಿಟ್ಟು ಮುಚ್ಚಿಕೊಳ್ಳುವಂಥದ್ದಾದರೆ ಅವನದು ಇನ್ನೆಷ್ಟಿರಬೇಕು? ತನ್ನ ಗ್ಲುಕೋಮೀಟರನ್ನು ಚೀಲಕ್ಕೆ ಹಾಕಿಕೊಂಡು ಕಾರವಾರದ ಬಸ್ ಹತ್ತಿದಳು.

ಬೈತಖೋಲದ ಬಂದರಿನ ಧಕ್ಕೆಯಲ್ಲಿ ಮೀನಿನ ಹರಾಜಿನ ಗದ್ದಲ. ಬೋಟಿನಿಂದ ಇಳಿಯುತ್ತಿದ್ದ ರೂಪೇಶ ಅವಳನ್ನು ಕಂಡವನೇ, ಒಂದು ಕಾಲು ಬೋಟಿನಲ್ಲಿ, ಒಂದು ಧಕ್ಕೆಯ ಮೇಲೆ, ಹಾಗೇ ನಿಂತ. ಫೋನಿನ ಪರದೆಯಲ್ಲಿ ಅವನು ಇಷ್ಟು ಎತ್ತರ ಇರಲಿಲ್ಲ.

"ಬೆರಳು ಕೊಡಿ," ಎಂದಳು.

"ಮೇಡಮ್, ಮೀನಿನ ಕೈ..."

"ತೊಳೆದು ಕೊಡಿ."

ಬಲೆ ಎಳೆದು ಒರಟಾದ ಬೆರಳು. ಎರಡು ಸಲ ಚುಚ್ಚಬೇಕಾಯಿತು. ಬೋಟಿನ ಆಳುಗಳು ಬಲೆ ಮಡಚುವುದನ್ನು ಬಿಟ್ಟು ನೋಡುತ್ತ ನಿಂತರು. ಮೀಟರ್ ನೂರಾ ಎಂಟು ತೋರಿಸಿತು. ನಂಬದೆ ಇನ್ನೊಂದು ಬೆರಳು ಚುಚ್ಚಿದಳು. ನೂರಾ ಆರು. ಆ ಬೆರಳಿಗೆ ಹತ್ತಿ ಒತ್ತಿ ಹಿಡಿದಳು.

ಎಷ್ಟೋ ವಾರಗಳಿಂದ ಎದೆಯಲ್ಲಿ ಕಟ್ಟಿಟ್ಟಿದ್ದ ಉಸಿರು ಒಮ್ಮೆಲೇ ಹೊರಬಂತು. ಅದರ ಜೊತೆಗೆ ಕಣ್ಣೀರೂ ಬರಲು ನೋಡಿತು. ಅದನ್ನು ಬೈಗುಳದಲ್ಲಿ ತಡೆದಳು. ಸುಳ್ಳ ಎಂದಳು, ಆಯಿಯ ಬೆರಳು ತೂತು ಮಾಡಿದ ಪಾಪಿ ಎಂದಳು. ಅವನು ಎಲ್ಲಕ್ಕೂ ತಲೆ ಆಡಿಸಿದ.

"ನಾರ್ಮಲ್ ಬಂದ್ರೆ ಪ್ಲಾನ್ ಮುಗೀತದೆ ಅಂತ ನೀವೇ ಹೇಳಿದ್ರಿ," ಎಂದ ಕೊನೆಗೆ, ಮೀನಿನ ಬುಟ್ಟಿಯನ್ನು ನೋಡುತ್ತ. "ಮತ್ತೆ ಶುಕ್ರವಾರ ನಾನು ಎಂತಾ ಮಾಡೂದು?"

ನಾಗಶ್ರೀ ಗ್ಲುಕೋಮೀಟರನ್ನು ಚೀಲಕ್ಕೆ ಹಾಕಿದಳು. ಅದಕ್ಕೆ ಒಂದೇ ಕೈ ಬಳಸಿದ್ದರಿಂದ ತುಸು ಹೊತ್ತು ಹಿಡಿಯಿತು.

"ನಿಮ್ಮ ಪ್ಲಾನ್ ಮುಗೀತು," ಎಂದಳು. "ಇನ್ನು ಆಯೀದು. ಅದು ಆನ್‌ಲೈನ್‌ನಲ್ಲಿ ಆಗುವಂಥದ್ದಲ್ಲ, ಮನೆಗೇ ಬಂದು ಜಿಲೇಬಿ ಹುಡುಕಬೇಕು."

"ಜೂನ್ ಒಂದರಿಂದ ಮಳೆಗಾಲಕ್ಕೆ ಬೋಟು ಬಂದ್," ಎಂದ ಅವನು ತಡವರಿಸುತ್ತ. "ಎರಡು ತಿಂಗಳು ನಾನು ಮನೇಲೇ."

"ಗೊತ್ತು. ಬರುವಾಗ ಈಶಾಡು ತರ್ತೇನೆ. ನಿಮಗೆ ಎರಡು ಹೋಳು ಮಾತ್ರ."

ಬೆರಳಿನ ರಕ್ತ ನಿಂತು ಎಷ್ಟೋ ಹೊತ್ತಾಗಿತ್ತು. ಅವಳು ಹತ್ತಿಯನ್ನು ಒತ್ತಿ ಹಿಡಿದೇ ಇದ್ದಳು.