ಕೆಂಪು ಮುಚ್ಚಳದ ಬಾಟಲಿ

ಸುಜಯ ನನ್ನ ಕಣ್ಣಿಗೆ ತಪ್ಪು ಔಷಧ ಹಾಕಿದ್ದು ಶನಿವಾರ. ಮರುದಿನವೇ ನನ್ನನ್ನು ನೋಡಲು ಸಾಂಗ್ಲಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಎರಡು ವರ್ಷದಿಂದ ಬಾಯಿ ಬಿಡದ ಮನುಷ್ಯ ಕೊನೆಗೂ ಏನೋ ಒಂದು ಮಾಡಿದನಲ್ಲ ಎಂದು ಖುಷಿಪಡಬೇಕಿತ್ತೇನೋ. ನನಗೆ ಮೈಯೆಲ್ಲ ಉರಿದಿತ್ತು.

ನಾವಿಬ್ಬರೂ ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಕಣ್ಣಿನ ಡಾಕ್ಟರಾಗಲು ಓದುತ್ತಿದ್ದೆವು. ಎಂ.ಎಸ್. ಎರಡನೆಯ ವರ್ಷ. ಕಣ್ಣಿನ ಒಳಪರದೆಯನ್ನು ನೋಡಿ ಅದರ ಚಿತ್ರ ಬರೆಯಲು ಕಲಿಯಬೇಕು, ಅದಕ್ಕೆ ಪಾಪದ ರೋಗಿಗಳನ್ನು ಗಂಟೆಗಟ್ಟಲೆ ಕೂರಿಸಲಾಗದು. ಹಾಗಾಗಿ ನಮ್ಮ ನಮ್ಮಲ್ಲೇ ಸರದಿ. ಒಬ್ಬರ ಕಣ್ಣಿಗೆ ಹನಿ ಹಾಕಿ ಪಾಪೆ ಅಗಲ ಮಾಡುವುದು, ಇನ್ನೊಬ್ಬರು ತಲೆಗೆ ದೀಪ ಕಟ್ಟಿಕೊಂಡು ಬಗ್ಗಿ ನೋಡುವುದು. ಹನಿ ಹಾಕಿಸಿಕೊಂಡವರಿಗೆ ಹತ್ತಿರದ್ದೆಲ್ಲ ಮಸುಕಾಗುತ್ತದೆ, ಬಿಸಿಲು ಚುಚ್ಚುತ್ತದೆ. ಸಂಜೆಯ ಹೊತ್ತಿಗೆ ಸರಿಹೋಗುತ್ತದೆ.

ಅದರ ಹಿಂದಿನ ವಾರ ಹನಿ ಹಾಕಿಸಿಕೊಳ್ಳುವ ಸರದಿ ಅವನದಿತ್ತು. ನಾನು ಬಗ್ಗಿದಾಗ ಅವನ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಮೇಲೆ ನೋಡು ಅಂದರೆ ಮೇಲೆ ನೋಡಿದ, ಕೆಳಗೆ ಅಂದರೆ ಕೆಳಗೆ.

"ಈಗ ನನ್ನ ನೋಡು," ಎಂದೆ.

ಅಲ್ಲಿ ಮಾತ್ರ ಅವನ ಕಣ್ಣು ನಿಲ್ಲಲೇ ಇಲ್ಲ. ಗೋಡೆಗೆ ಹೋಯಿತು, ಕಿಟಕಿಗೆ ಹೋಯಿತು.

"ಒಳಗ ಏನ ಕಂಡ್ತ್ರಿ?" ಎಂದು ಕೇಳಿದ. ನನ್ನದೇ ಬ್ಯಾಚಿನವನು, ಆದರೂ 'ರೀ' ಬಿಡಲೊಲ್ಲ.

"ರಕ್ತನಾಳ. ಮತ್ತೇನಿರತದ?"

"ಅಷ್ಟನಾ?"

"ಅಷ್ಟನ," ಎಂದು ದೀಪ ಆರಿಸಿದೆ.

ಶನಿವಾರ ನನ್ನ ಸರದಿ. ತಲೆ ಹಿಂದಕ್ಕೆ ಚಾಚಿ ಕುಳಿತೆ. ಅವನು ಔಷಧದ ಟ್ರೇಗೆ ಕೈ ಹಾಕುವಾಗಲೇ ಹೇಳಿದೆ. ಬೇಕೆಂದೇ ಹೇಳಿದೆ.

"ಲಗೂ ಮುಗಿಸು. ನಾಳೆ ಸಾಂಗ್ಲಿಯಿಂದ ನನ್ನ ನೋಡಾಕ ಬರ್ತಾರ."

ಟ್ರೇಯಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿದವು. ಆಮೇಲೆ ಎರಡೂ ಕಣ್ಣಿಗೆ ಹನಿ ಬಿತ್ತು.

"ಛಲೋ ಆತಲ್ರಿ," ಎಂದ.

ಛಲೋ ಆತಂತೆ. ಇವನ ಬಾಯಿಗೆ ಬೀಗ ಜಡಿದು ಕೀಲಿಯನ್ನು ಮಲಪ್ರಭೆಗೆ ಎಸೆದವರು ಯಾರೋ. ಅವನು ಚಿತ್ರ ಬರೆದು ಮುಗಿಸುವವರೆಗೆ ನಾನು ಹಲ್ಲು ಕಚ್ಚಿ ಕುಳಿತಿದ್ದೆ.

ಸಂಜೆಯಾಯಿತು, ಕಣ್ಣು ಸರಿಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದಾಗಲೂ ಕೈಯ ಗೆರೆ ಕಾಣುತ್ತಿಲ್ಲ. ಅವನ ಹಾಸ್ಟೆಲಿಗೆ ಫೋನ್ ಮಾಡಿದೆ.

"ಯಾವ ಬಾಟಲಿ ಹಾಕಿದಿ ನಿನ್ನೆ?"

"ಕೆಂಪು ಮುಚ್ಚಳದ್ದ್ರಿ. ತಡೀರಿ, ನೋಡಿ ಬಂದು ಹೇಳ್ತೇನಿ." ಸುಮಾರು ಹೊತ್ತಿನ ಮೇಲೆ ಮತ್ತೆ ಅವನೇ ಫೋನ್ ಮಾಡಿದ. ದನಿ ಉಡುಗಿತ್ತು. "ಆಟ್ರೊಪಿನ್‌ರೀ."

ಪಾಪೆ ಅಗಲಿಸುವ ಔಷಧಗಳಿಗೆಲ್ಲ ಮುಚ್ಚಳ ಕೆಂಪೇ. ಆದರೆ ಆಟ್ರೊಪಿನ್ ಹಾಕಿದರೆ ವಾರ ಕಳೆದರೂ ಅದರ ಗುಣ ಇಳಿಯುವುದಿಲ್ಲ. ಮೊದಲ ವರ್ಷದವರೂ ಲೇಬಲ್ ಓದದೆ ಹನಿ ಹಾಕುವುದಿಲ್ಲ, ಇವನು ಹಾಕಿದ್ದ.

"ಮುದ್ದಾಂ ಹಾಕಿದಿ?"

"ಇಲ್ರಿ. ನಮ್ಮ ಅಜ್ಜಿ ಆಣಿ."

ಬೇಕೆಂದೇ ಹಾಕಿದೆ ಅಂದಿದ್ದರೆ ಬಹುಶಃ ಅಲ್ಲೇ ಕ್ಷಮಿಸಿಬಿಡುತ್ತಿದ್ದೆ. ರಿಸೀವರ್ ಕುಕ್ಕಿದೆ.

ನಮ್ಮ ಮನೆ ರವಿವಾರ ಪೇಟೆಯಲ್ಲಿ. ಕೆಳಗೆ ಅಪ್ಪನ ಬೆಲ್ಲದ ಅಡತಿ ಅಂಗಡಿ, ಮೇಲೆ ನಾವು. ಸೀರೆ ಉಡಿಸುತ್ತ ಅವ್ವ, "ಕಣ್ಣು ಎಷ್ಟ ದೊಡ್ಡೂ ಕಾಣ್ತಾವ, ಛಲೋನ ಆತು ಬಿಡು," ಅಂದಳು. ಅವಳಿಗೂ ಛಲೋ. ಎಲ್ಲರಿಗೂ ಛಲೋ. ನಾನೊಬ್ಬಳೇ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಅಡುಗೆಮನೆಗೂ ಪಡಸಾಲೆಗೂ ಅಲೆಯುತ್ತಿದ್ದೆ.

ಸಾಂಗ್ಲಿಯವರು ಬಂದು ಕುಳಿತ ಮೇಲೆ ಚಹಾ ಬಗ್ಗಿಸಿದೆ. ಕಪ್ಪು ತುಂಬಿದ್ದು ಕಾಣದೆ ಬಸಿಗೆ, ಬಸಿ ತುಂಬಿ ಟ್ರೇಗೆ, ಅಲ್ಲಿಂದ ಭಾವೀ ಅತ್ತೆಯ ರೇಷ್ಮೆ ಸೀರೆಗೆ ಹರಿಯಿತು. ಅವರು ನಕ್ಕರು. ಹುಡುಗ ಸುಯೋಗನೂ ನಕ್ಕ. ಒಳ್ಳೆಯವನೇ ಅವನು, ಸಿಟ್ಟಿಲ್ಲ, ಸಿಡುಕಿಲ್ಲ. ಟೈಲ್ಸ್ ವ್ಯಾಪಾರ. ನಮ್ಮಿಬ್ಬರನ್ನೇ ಮಾತಾಡಲು ಬಿಟ್ಟಾಗ ಬಾಜೂಕಿನ ಕುರ್ಚಿಗೆ ಬಂದು ಕುಳಿತು ಹೇಳಿದ, "ಮದುವಿ ಆದ ಮ್ಯಾಲೆ ಇನ್ನ ಓದೂದೆಲ್ಲಾ ಯಾಕ್ರಿ? ಡಾಕ್ಟರ್ ಅಂತೂ ಆಗೇರಲ್ಲ."

ಅವನ ಮುಖ ನೋಡಿದೆ. ಅಷ್ಟು ಹತ್ತಿರದಲ್ಲಿ ಕಣ್ಣು ಯಾವುದು ಮೂಗು ಯಾವುದು ತಿಳಿಯಲಿಲ್ಲ. ಬೇಸತ್ತು ಕಿಟಕಿಯ ಹೊರಗೆ ನೋಡಿದರೆ ಬೀದಿಯ ಆಚೆ, ಬೆಲ್ಲದ ಪೆಂಟೆಗಳ ಗಾಡಿಯ ಪಕ್ಕ, ಬಿಸಿಲಲ್ಲಿ ಸುಜಯ ನಿಂತಿದ್ದ. ಬೆವರಿಗೆ ಅಂಟಿದ ಕಾಲರು, ಕೈಯಲ್ಲೊಂದು ಕಾಗದದ ಪೊಟ್ಟಣ, ಎಲ್ಲ ಸ್ವಚ್ಛ ಕಾಣುತ್ತಿತ್ತು. ಹತ್ತಿರ ಕೂತವನು ಮಸುಕು, ದೂರ ನಿಂತವನು ಸ್ಪಷ್ಟ. ಔಷಧದ ಗುಣವೇ ಅಂಥದ್ದು. ನನ್ನ ಗುಣವೂ ಅಂಥದ್ದೇ ಆಗಿತ್ತು, ಏನು ಮಾಡಲಿ.

ಪೊಟ್ಟಣವನ್ನು ಅಡತಿಯ ಹಮಾಲನ ಕೈಗೆ ಕೊಟ್ಟು ಅವನು ಹೋಗಿಯೇಬಿಟ್ಟ. ಬಿಚ್ಚಿದರೆ ಒಂದು ಚಾಳೀಸು. ನಲವತ್ತು ದಾಟಿದವರು ಪೇಪರ್ ಓದಲು ಹಾಕುವಂಥದ್ದು, ಕಂದು ಬಣ್ಣದ ಫ್ರೇಮು. ಹಾಕಿಕೊಂಡರೆ ಹತ್ತಿರದ್ದು ಕಾಣುತ್ತಿತ್ತು, ನಿಜ. ಆದರೆ ಕೊಡಲು ಬಂದವನು ಮೆಟ್ಟಿಲು ಹತ್ತಿ ಬರಬಾರದಿತ್ತೇ?

ಸಾಂಗ್ಲಿಯವರು ಒಪ್ಪಿದರು. ಅವರು ಹೋದ ಕೂಡಲೇ ಅಪ್ಪ ನನ್ನನ್ನು ಕೇಳಿದರು.

"ನಾಳೆ ಸಂಜಿ ಅವರಿಗೆ ಫೋನ್ ಮಾಡಬೇಕು. ನೀ ಹೂಂ ಅಂದ್ರ ಹೂಂ. ಬ್ಯಾರೆ ಏನರ ಮನಸಿನ್ಯಾಗಿದ್ರ ಅದರೊಳಗ ಹೇಳಿಬಿಡು, ಬ್ರಾಹ್ಮಿ. ಮಾತ ಕೊಟ್ಟ ಮ್ಯಾಲೆ ನನಗ ತಿರುಗಾಕ ಬರಂಗಿಲ್ಲ."

ಮನಸ್ಸಿನಲ್ಲಿ ಇದ್ದವನು ಬಾಯಿ ಬಿಟ್ಟರಲ್ಲವೇ ನಾನು ಹೇಳುವುದು.

ಸೋಮವಾರ ಖಾನಾಪುರದಲ್ಲಿ ಕಣ್ಣಿನ ಕ್ಯಾಂಪು. ಅದು ಸುಜಯನ ಊರು. ಆಸ್ಪತ್ರೆಯ ವ್ಯಾನು ಊರಂಚಿನ ಉದ್ಯಮಬಾಗ ದಾಟುವವರೆಗೂ ಅವನು ಡ್ರೈವರ್ ಪಕ್ಕ ಕುಳಿತು ಹಿಂದಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ನೋಡುತ್ತಿದ್ದ, ನಾನು ನೋಡಿದರೆ ರಸ್ತೆ ನೋಡುತ್ತಿದ್ದ.

ಶಾಲೆಯ ಬೆಂಚುಗಳ ಮೇಲೆ ಮುದುಕ ಮುದುಕಿಯರ ಸಾಲು. "ಆಜೀ, ವರ್ ಬಘಾ," ಎಂದು ಮರಾಠಿಯಲ್ಲಿ ಒಬ್ಬಳನ್ನು ಮೇಲೆ ನೋಡಿಸಿ, "ಯವ್ವಾ, ಕೆಳಗ ನೋಡ್ರಿ," ಎಂದು ಕನ್ನಡದಲ್ಲಿ ಮುಂದಿನವಳಿಗೆ ಹೇಳುತ್ತ ಅವನು ಸಾಗಿದ್ದ. ಎಲ್ಲರ ಹತ್ತಿರವೂ ಬಾಯಿ ಇದೆ ಇವನಿಗೆ. ನನ್ನ ಸಾಲಿನಲ್ಲಿ ಕುಳಿತ ಸತ್ಯವ್ವ ಎಂಬ ಮುದುಕಿ ನನ್ನ ಗಲ್ಲ ಹಿಡಿದು ದಿಟ್ಟಿಸಿದಳು.

"ಇಷ್ಟ ಸಣ್ಣ ವಯಸ್ಸಿಗೆ ಚಾಳೀಸು ಯಾಕ ಬಂತವಾ?"

"ಅಲ್ಲೆದಾನಲ್ಲ, ಆ ಡಾಕ್ಟರು ತಪ್ಪ ಔಷಧ ಹಾಕಿದ."

"ನನ್ನ ಮೊಮ್ಮಗಾ?" ಅವಳು ಬಿದ್ದುಬಿದ್ದು ನಕ್ಕಳು. "ಸುಳ್ಳ ಹೇಳಬ್ಯಾಡ. ಕುರಿಗೆ ಔಷಧ ಕುಡಿಸೂ ಮುಂದೂ ಬಾಟಲಿ ಮ್ಯಾಲಿಂದು ಓದಿ ಓದಿ ನಮ್ಮ ಜೀವಾ ತಿಂತಿದ್ದಾಂವ ಅಂವಾ."

ಆಪರೇಷನ್ ಆಗಬೇಕಾದ ಕಣ್ಣಿನ ಗುರುತಿಗೆ ನಾನು ಅವಳ ಹುಬ್ಬಿನ ಮೇಲೆ ಪಟ್ಟಿ ಅಂಟಿಸಿ, ಚಾಳೀಸು ಕಿಸೆಗೆ ಹಾಕಿ ಎದ್ದೆ. ಸುಜಯ ಶಾಲೆಯ ಹಿಂದಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ.

"ಶನಿವಾರ ಲೇಬಲ್ ಯಾಕ ಓದಲಿಲ್ಲ?"

ತೊಳೆದ ಕೈಗೆ ಮತ್ತೆ ಸೋಪು ಹಚ್ಚಿದ. "ನೋಡಾಕ ಬರ್ತಾರ ಅಂದ್ರಿ ನೀವು. ಆ ಮ್ಯಾಲೆ ಬಾಟಲಿ ಮ್ಯಾಲಿನ ಅಕ್ಷರ ನನಗ ಕಾಣಲಿಲ್ರಿ."

"ಮತ್ತ ಛಲೋ ಆತು ಅಂದಿ?"

"ಇನ್ನೇನ ಅನ್ನೂದಿತ್ತು? ನೀವು ಜೈನರು, ನಿಮ್ಮ ಮನ್ಯಾಗ ಉಳ್ಳಾಗಡ್ಡಿ ಸೈತ ಮುಟ್ಟಂಗಿಲ್ಲ. ನಮ್ಮಪ್ಪ ಕುರಿ ಸಾಕಿ ಮಾರತಾನ. ನಿಮ್ಮಪ್ಪ ನನ್ನ ಹೊಸ್ತಿಲಾ ದಾಟಿಸ್ತಾರನು? ನಿನ್ನೆ ನಿಮ್ಮ ಮೆಟ್ಟಿಲ ತನಕ ಬಂದೆ, ಕಾಲ ಏಳಲಿಲ್ಲ."

"ಅಪ್ಪನ ಮಾತ ಬಿಡು. ನನ್ನ ಕೇಳಿದಿ?"

"ಇಲ್ಲ."

"ಮತ್ತ ಈಗ ಕೇಳು."

ನಲ್ಲಿ ಸುರಿಯುತ್ತಲೇ ಇತ್ತು. ಅವನು ಅದನ್ನು ತಿರುವಿ ನಿಲ್ಲಿಸಿದ.

"ಬ್ರಾಹ್ಮಿ, ನನ್ನ ಬಿಟ್ಟು ಹೋಗಬ್ಯಾಡ."

"ಇದು ಕೇಳಿದಂಗಿಲ್ಲ, ಹುಕುಂ ಮಾಡಿದಂಗ ಐತಿ," ಎಂದೆ. ಹೇಳುತ್ತಿದ್ದಂತೆ ಅಳು ಬಂತು. ಎರಡು ವರ್ಷದಿಂದ ಈ ಒಂದು ಮಾತಿಗೆ ಎಷ್ಟು ಹಸಿದಿದ್ದೆ ಎಂದು ಆಗಲೇ ನನಗೂ ತಿಳಿದದ್ದು.

ಹೊತ್ತು ಇಳಿಯುತ್ತಿತ್ತು. ಅಪ್ಪ ಫೋನಿನ ಮುಂದೆ ಕುಳಿತಿರುತ್ತಾರೆ. ಅವನ ತೋಳು ಹಿಡಿದು ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಎಳೆದುಕೊಂಡು ಹೋದೆ. ಗಾಜಿನ ಗೂಡಿನೊಳಗೆ ಇಬ್ಬರಿಗೆ ಜಾಗ ಸಾಲದು, ಆದರೂ ಹೊಕ್ಕೆವು.

"ನನಗ ನಂಬರ್ ಕಾಣಂಗಿಲ್ಲ. ನೀನ ಒತ್ತು."

ನಾನು ಹೇಳಿದಂತೆ ಒತ್ತಿದ. ಆ ಕಡೆಯಿಂದ ಅಪ್ಪನ ದನಿ, "ಹಲೋ, ಜಿನಪಾಲ ಮಾತಾಡೂದು." ಸುಜಯ ರಿಸೀವರ್ ನನ್ನತ್ತ ಚಾಚಿದ. ನಾನು ಕೈ ಕಟ್ಟಿ ನಿಂತೆ. ಅವನ ಕಣ್ಣು ನನ್ನ ಏಪ್ರನ್ನಿನ ಕಿಸೆಗೆ ಹೋಯಿತು. ಕಂದು ಫ್ರೇಮಿನ ಚಾಳೀಸು ಅಲ್ಲಿಂದ ಇಣುಕುತ್ತಿತ್ತು. ನಂಬರ್ ಕಾಣದ್ದು ನೆಪ, ಮಾತಾಡಬೇಕಾದವನು ತಾನೇ ಎಂದು ಅವನಿಗೆ ಅರ್ಥವಾಯಿತು. ರಿಸೀವರ್ ಮತ್ತೆ ಕಿವಿಗೆ ಹಿಡಿದ.

"ನಮಸ್ಕಾರ್ರೀ. ನಾನು ಖಾನಾಪುರದ ಸುಜಯ ಅಂತ. ನಿಮ್ಮ ಮಗಳ ಕಣ್ಣಿಗೆ ತಪ್ಪ ಔಷಧ ಹಾಕಿದಾಂವ ನಾನ. ಯಾಕ ಹಂಗಾತು ಅನ್ನೂದನ್ನ ನಿಮ್ಮ ಎದುರಿಗೆ ಕುಂತು ಹೇಳಬೇಕಂತೇನ್ರಿ. ಅಲ್ಲೀತನಕ ಸಾಂಗ್ಲಿಗೆ ಫೋನ್ ಮಾಡಬ್ಯಾಡ್ರಿ."

ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಕೊನೆಗೆ ಅಪ್ಪ ಏನೋ ಹೇಳಿದರು, ಅದು ನನಗೆ ಕೇಳಲಿಲ್ಲ. ಸುಜಯ "ಹೂಂನ್ರಿ, ಹೂಂನ್ರಿ," ಎಂದು ರಿಸೀವರ್ ಇಟ್ಟ.

"ಏನಂದ್ರು?"

"ನಾಳೆ ಊಟಕ್ಕ ಹೊತ್ತ ಮುಳಗೂದರೊಳಗ ಬಾ ಅಂದ್ರು. ಆ ಮ್ಯಾಲೆ ನಿಮ್ಮಲ್ಲಿ ಊಟ ಇರಂಗಿಲ್ಲಂತ."

ನಾನು ಕಿಸೆಯಿಂದ ಚಾಳೀಸು ತೆಗೆದು ಹಾಕಿಕೊಂಡೆ. ಅವನ ಮುಖ ಅಷ್ಟು ಹತ್ತಿರದಲ್ಲಿ ಮೊದಲ ಸಲ ಸ್ವಚ್ಛ ಕಂಡಿತು.

"ನನ್ನ ನೋಡು," ಎಂದೆ.

ನೋಡಿದ. ಹೊರಗೆ ಸಾಲಿನಲ್ಲಿದ್ದವನು ಗಾಜು ಬಡಿಯುವವರೆಗೂ ನೋಡುತ್ತಲೇ ಇದ್ದ.