ಜೋಡಿ ಕೊಳವೆಯ ಗಂಟು

“ಗಂಟ ಬಿಚ್ಚಬ್ಯಾಡ... ತಮ್ಮಾ,” ಎಂದಳು ಪಾರವ್ವ. ಅಷ್ಟು ಹೇಳುವುದಕ್ಕೇ ಅವಳು ನಡುವೆ ನಿಂತು ಉಸಿರು ಎಳೆದುಕೊಳ್ಳಬೇಕಾಯಿತು.

ಘೋಡಗೇರಿಯ ಆ ಮನೆಯ ಪಡಸಾಲೆಯಲ್ಲಿ ಹಗಲಲ್ಲೂ ಕತ್ತಲು. ಜೋಳದ ಚೀಲ, ತಂಬಾಕು, ಹಳೆಯ ಕಂಬಳಿಯ ವಾಸನೆ. ರಾಹುಲ ತೊಡೆಯ ಮೇಲೆ ಇಟ್ಟುಕೊಂಡಿದ್ದ ವಸ್ತುವನ್ನು ಮಗುವನ್ನು ನೋಡುವಂತೆ ನೋಡುತ್ತಿದ್ದ. ಸಣ್ಣ ತಾಟಿನಷ್ಟು ಅಗಲದ ಹಿತ್ತಾಳೆ ಡಬ್ಬಿ. ಅದರ ಎರಡೂ ಬದಿಯಿಂದ ಸುಕ್ಕುಸುಕ್ಕಾದ ರಬ್ಬರ್ ಕೊಳವೆಗಳು ಹೊರಟು, ಬಾಯಲ್ಲಿ ಕಚ್ಚಿಕೊಳ್ಳುವ ತುಂಡಿನಲ್ಲಿ ಕೂಡಿದ್ದವು. ನೀರಿನೊಳಗೆ ಉಸಿರಾಡುವುದಕ್ಕೆ ಹಳೆಯ ಕಾಲದವರು ಬಳಸುತ್ತಿದ್ದ ರೆಗ್ಯುಲೇಟರ್ ಅದು. ಡಬ್ಬಿ ಬೆನ್ನಿನ ಸಿಲಿಂಡರಿಗೆ ಕೂರುತ್ತದೆ. ಒಂದು ಕೊಳವೆಯಲ್ಲಿ ಗಾಳಿ ಬಾಯಿಗೆ ಬರುತ್ತದೆ, ಇನ್ನೊಂದರಲ್ಲಿ ಬಿಟ್ಟ ಉಸಿರು ಕತ್ತಿನ ಹಿಂದೆ ಹೋಗಿ ಗುಳ್ಳೆಯಾಗುತ್ತದೆ. ಆ ಎರಡೂ ಕೊಳವೆಗಳನ್ನು ಹಿಂಡಿ ಸೇರಿಸಿ, ಹಸಿರು ಸೀರೆಯ ಚಿಂದಿಯಿಂದ ಯಾರೋ ಬಿಗಿಯಾಗಿ ಕಟ್ಟಿದ್ದರು.

“ಯಾಕ ಬಿಚ್ಚಬಾರದ್ರಿ ಆಯಿ?”

“ನನ್ನ ಉಸಿರು... ಅದರಾಗ ಐತಿ.”

ರಾಹುಲ ನಕ್ಕ. “ನಿಮ್ಮ ಉಸಿರು ನಿಮ್ಮ ಮೂಗಿನ್ಯಾಗ ಐತ್ರಿ. ಇದರಾಗ ಇರೋದು ಬರೇ ಧೂಳ.”

ಬಾಗಿಲಲ್ಲಿ ನಿಂತಿದ್ದ ಕಾಶಿನಾಥ ನಗಲಿಲ್ಲ. ಅವನು ರಾಹುಲನ ಹೆಂಡತಿ ಸುಜಾತಾಳ ದೊಡ್ಡಪ್ಪನ ಮಗ. ಅವರ ಮನೆತನದ ಅಜ್ಜಿ ಪಾರವ್ವನನ್ನು ನೋಡಿಕೊಳ್ಳುವವನೂ ಅವನೇ. ಮನೆ ಕೆಡವಿ ಕಟ್ಟುವುದಕ್ಕೆಂದು ಅಟ್ಟದ ಸಾಮಾನು ಇಳಿಸುವಾಗ ಇದು ಸಿಕ್ಕಿತ್ತು. “ಒಯ್ರಿ ಮಾಮಾ, ಆದರ ಕಟ್ಟಿದ್ದು ಕಟ್ಟಿದಂಗ ಇರ್ಲಿ. ಶೋಕೇಸಿನ್ಯಾಗ ಇಟ್ಟು ನೋಡ್ರಿ,” ಎಂದ.

ಹುಬ್ಬಳ್ಳಿಯ ರಾಹುಲ ಕಾರವಾರದಲ್ಲಿ ಪ್ರವಾಸಿಗರನ್ನು ಸಮುದ್ರದಡಿಗೆ ಡೈವಿಂಗಿಗೆ ಕರೆದೊಯ್ಯುತ್ತಿದ್ದವನು. ಕಿವಿ ನೋವು, ಬೆನ್ನು ನೋವು, ಪ್ರತಿದಿನ ಅದೇ ಮಾತು. ಸಾಕಾಗಿತ್ತು. ಸುಜಾತಾಳಿಗೆ ಮೂಡಲಗಿಯ ಶಾಲೆಯಲ್ಲಿ ಸಂಗೀತ ಕಲಿಸುವ ಕೆಲಸ ಸಿಕ್ಕಾಗ ಅವನು ಎಲ್ಲ ಬಿಟ್ಟು ಅವಳ ಹಿಂದೆ ಗೋಕಾಕಕ್ಕೆ ಬಂದ. ಹಳೆಯ ರೆಗ್ಯುಲೇಟರುಗಳನ್ನು ಬಿಚ್ಚಿ ಜೋಡಿಸುವ ಹುಚ್ಚೊಂದು ಮಾತ್ರ ಉಳಿದಿತ್ತು. ಇಡೀ ಜನ್ಮದಲ್ಲಿ ಇಂಥದ್ದೊಂದು ಕೈಗೆ ಸಿಕ್ಕೀತೆಂದು ಅವನು ಎಣಿಸಿರಲಿಲ್ಲ.

ಮರುದಿನ ಹಿತ್ತಲಲ್ಲಿ ಕೂತು ಗಂಟಿಗೆ ಬ್ಲೇಡು ಹಾಕಿದ. ಚಿಂದಿ ಸಡಿಲಾಗುತ್ತಲೇ ಕೊಳವೆಗಳು ಮೆಲ್ಲಗೆ ಉಬ್ಬಿದವು. ಕಚ್ಚುವ ತುಂಡಿನಿಂದ ಒಂದು ನಿಟ್ಟುಸಿರು ಹೊರಬಂತು. ಉದ್ದನೆಯದು. ಬೆಚ್ಚಗಿತ್ತು. ತಂಬಾಕಿನ ವಾಸನೆ ಅವನ ಮುಖಕ್ಕೆ ಬಡಿಯಿತು.

ಮಧ್ಯಾಹ್ನ ಕಾಶಿನಾಥನ ಫೋನು. “ಆಯಿ ಹ್ವಾದಳ್ರಿ ಮಾಮಾ. ರೊಟ್ಟಿ ಮುರಕೊಂಡು ಕುಂತಿದ್ದಳು. ಹಂಗ ಒಂದು ಉಸಿರು ಬಿಟ್ಟಳು, ಮತ್ತ ತಗೊಳ್ಳಲಿಲ್ಲ.”

ಮಣ್ಣು ಕೊಟ್ಟು ಬರುವಾಗ ಕಾಶಿನಾಥ ಹೊಲದ ಬಾವಿಯ ಹತ್ತಿರ ಕೂತ. ಬೇಡವೆಂದರೂ ಹೇಳುವವನಂತೆ ಹೇಳಿದ. “ಪಾರವ್ವಾಯಿ ಗಂಡ ಕೆಂಚಪ್ಪ ಮುತ್ಯಾ ಡ್ಯಾಮಿನ ಕೆಲಸದಾಗ ನೀರಾಗ ಇಳೀತಿದ್ದ. ಒಂದಿನ ಒಬ್ಬಾಕಿ ಮಗ ನೀರಾಗ ಬಿದ್ದ. ಮುತ್ಯಾ ಆಗಷ್ಟ ಮ್ಯಾಲ ಬಂದು ಕುಂತಿದ್ದ, ದಣಿದಿದ್ದ. ಸಿಲಿಂಡರಿನ್ಯಾಗ ಗಾಳಿ ಇತ್ತು. ತೀರೇತಿ ಅಂತ ಸುಳ್ಳ ಹೇಳಿದ.”

“ಮುಂದ?”

“ಹೆಣ ತೇಲಿತು. ಆ ತಾಯಿ ಮಾಟಗಾರನ ಕಡಿಂದ ಕರಣಿ ಮಾಡಿಸಿದಳು. ಮಗನ ತಲಿಕೂದಲ ಅರಗಿನ್ಯಾಗ ಸುತ್ತಿ, ಆ ಡಬ್ಬ್ಯಾಗ ಇಡಿಸಿದಳಂತ. ‘ನಿನ್ನ ಗಾಳಿ ಎಂದೂ ತೀರಬಾರದು, ನಿನ್ನ ಮನಿಯಿಂದ ಬರ್ಲಿ’ ಅಂದಳಂತ. ಅಂದಿನಿಂದ ಮುತ್ಯಾನ ಸಿಲಿಂಡರ್ ಬರಿದಾಗಲಿಲ್ಲ. ಮನ್ಯಾಗ ಎರಡ ಕೂಸು ಉಸಿರ ಹತ್ತದ ಹ್ವಾದುವು. ಪಾರವ್ವಾಯಿದೂ ಮುಗೀತಾ ಬಂತು. ಆಗ ಮುತ್ಯಾ ತಿಳಕೊಂಡು, ಉಳದಷ್ಟರ ಉಳೀಲಿ ಅಂತ ಆಕಿ ಸೀರಿ ಹರದು ಕಟ್ಟಿದ.”

ರಾಹುಲ ಕಾಲು ಜಾಡಿಸಿ ಎದ್ದ. “ಹಂಗಿದ್ದರ ಚೊಲೋ ಆತು ಬಿಡೋ. ಸಿಲಿಂಡರ್ ತುಂಬಿಸೋ ತ್ರಾಸು ತಪ್ಪಿತು.”

ಡಬ್ಬಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿದ. ಒಳಗೆ ಕಪ್ಪಗೆ ಅಂಟಿದ್ದ ಅರಗನ್ನು ಕೆರೆದು ಎಸೆದ. ಅದರ ಕಲೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಹರಿದ ರಬ್ಬರ್ ಪರದೆ ತೆಗೆದು ಹೊಸದು ಹಾಕಿದ. ಉಸಿರು ಹೊರಗೆ ಬಿಡುವ, ಬಾತುಕೋಳಿಯ ಕೊಕ್ಕಿನಂಥ ಕವಾಟವನ್ನು ಬದಲಿಸಿದ. ಕೊಳವೆಗೆ ಒಳ್ಳೆಯ ರಬ್ಬರ್ ಸಿಗಲಿಲ್ಲ. ಅಂಗಡಿಯವನು ಕೊಟ್ಟದ್ದು ಸಾಧಾರಣದ್ದು. ಇದು ಬಹಳ ಬಾಳುವುದಿಲ್ಲವೆಂದು ಅವನೇ ಹೇಳಿದ್ದ. ಆಮೇಲೆ ಬದಲಿಸಿದರಾಯಿತು ಎಂದುಕೊಂಡ ರಾಹುಲ.

ಸುಜಾತಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಹಾಡುತ್ತಿದ್ದಳು. ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಎಳೆದು, ರೊಟ್ಟಿ ಹಂಚಿಗೆ ಬಿದ್ದ ಮೇಲೆ ನಿಲ್ಲಿಸುವುದು ಅವಳ ಆಟ. ಅವಳನ್ನು ಕರೆದು ನೀರಿನ ಡ್ರಮ್ಮಿನಲ್ಲಿ ತೋರಿಸಿದ. “ಇಲ್ನೋಡು. ಬಾಯಾಗಿನ ತುಂಡ ಬಿಟ್ಟರ ಮ್ಯಾಲ ತೇಲತೈತಿ. ಡಬ್ಬಿಗಿಂತ ಮ್ಯಾಲ ಹೋತಂದ್ರ ಗಾಳಿ ತಾನ ಸುರೀತೈತಿ. ಕೆಳಗ ಹಿಡದರ ನಿಂದರತೈತಿ.”

“ನಿಮಗಿಂತ ಶಾಣ್ಯಾ ಐತಿ ಬಿಡ್ರಿ. ಹಿಡದರ ನಿಂದರತೈತಿ,” ಎಂದು ನಕ್ಕು ಅವಳು ಒಳಗೆ ಹೋದಳು.

ತನ್ನ ಹಳೆಯ ಸಿಲಿಂಡರಿಗೆ ಅದನ್ನು ಕೂರಿಸಿ, ಮೊದಲ ಸಲ ಕಾಶಿನಾಥನ ಹೊಲದ ಬಾವಿಯಲ್ಲಿ ಇಳಿದ. ಗಾಳಿ ಮೃದುವಾಗಿ ಬರುತ್ತಿತ್ತು. ಮುಖದ ಮುಂದೆ ಗುಳ್ಳೆಯಿಲ್ಲ, ಸದ್ದಿಲ್ಲ. ಅದೆಲ್ಲ ಕತ್ತಿನ ಹಿಂದೆ, ಯಾರೋ ಬೆನ್ನಿಗೆ ಕೂತು ಗೊಣಗಿದಂತೆ. ಬಹಳ ಹೊತ್ತು ಇದ್ದು ಮೇಲೆ ಬಂದಾಗ ಗಾಳಿಯ ಮಾಪಕದ ಮುಳ್ಳು ಇಳಿದೇ ಇರಲಿಲ್ಲ. ಮುಳ್ಳು ಸಿಕ್ಕಿಕೊಂಡಿದೆ ಎಂದುಕೊಂಡು ಹೊಸ ಮಾಪಕ ತರಿಸಿದ.

ಅಂದು ಸಂಜೆ ಸುಜಾತಾ ಮೂಡಲಗಿಯ ಬಸ್ಸಿನಿಂದ ಇಳಿದು ಮನೆಯವರೆಗೆ ನಡೆಯಲಾರದೆ ಕಟ್ಟೆಯ ಮೇಲೆ ಕೂತಳು. ಆಮೇಲೆ ಹಾಡು ಅರ್ಧ ಸಾಲಿಗೇ ನಿಲ್ಲತೊಡಗಿತು. ಡಾಕ್ಟರು ಎದೆ ನೋಡಿದರು, ಏನೂ ಇಲ್ಲವೆಂದರು. ದಣಿವು, ಧೂಳು, ಹೊರಗಿನ ಹವೆಯಲ್ಲಿ ಕೂರಲಿ ಎಂದರು. ಅವಳು ಕೆಮ್ಮಿಗೆ ಲವಂಗ ಬಾಯಲ್ಲಿ ಇಟ್ಟುಕೊಂಡೇ ಇರುತ್ತಿದ್ದಳು.

ಮುಂದಿನ ಭಾನುವಾರ ಅವಳನ್ನೂ ಬಾವಿಗೆ ಕರೆದುಕೊಂಡು ಹೋದ. ಬೇವಿನ ನೆರಳಲ್ಲಿ, ಬಾವಿಯ ಮೇಲಿನ ಮೆಟ್ಟಿಲ ಮೇಲೆ ಕೂತಳು. ಕಾಶಿನಾಥ ಜೊತೆಗಿದ್ದ. “ಮಾಮಾ, ಇವತ್ತ ಬ್ಯಾಡ್ರಿ,” ಎಂದ. ರಾಹುಲ ತುಂಡು ಕಚ್ಚಿಕೊಂಡು ನೀರಿಗಿಳಿದ.

ಮೇಲೆ ಹಸಿರು. ಕೆಳಗೆ ಹೋದಂತೆ ಕಂದು. ಆಮೇಲೆ ಕಪ್ಪು. ಪಾಚಿಯ ಕಲ್ಲು ಕೈಗೆ ಜಾರುತ್ತಿತ್ತು. ಕೆಸರು ತಟ್ಟಿದ ಮೇಲೆ ಟಾರ್ಚು ಹಚ್ಚಿ ಮಾಪಕ ನೋಡಿದ. ಹೊಸ ಮಾಪಕ. ಮುಳ್ಳು ಅಲ್ಲೇ ಇತ್ತು. ಕಣ್ಣಿಟ್ಟುಕೊಂಡೇ ಉಸಿರೆಳೆದ. ಕದಲಲಿಲ್ಲ. ಇನ್ನೊಮ್ಮೆ ಎಳೆದ. ಕದಲಲಿಲ್ಲ.

ಸಿಲಿಂಡರಿನ ಗಾಳಿ ತಣ್ಣಗಿರುತ್ತದೆ, ಒಣಗಿರುತ್ತದೆ. ಇದು ಬೆಚ್ಚಗಿತ್ತು. ಹಸಿಯಾಗಿತ್ತು.

ಲವಂಗದ ರುಚಿ.

ಅವನು ಉಸಿರು ಹಿಡಿದ. ಕೊಳವೆಯೊಳಗೆ ಯಾರೋ ಕೆಮ್ಮಿದರು. ಸಣ್ಣ ಕೆಮ್ಮು. ಆ ಕೆಮ್ಮನ್ನು ಅವನು ದಿನವೂ ಪಕ್ಕದಲ್ಲಿ ಮಲಗಿ ಕೇಳಿದ್ದ.

ತುಂಡನ್ನು ಉಗುಳಿದ. ಅದು ತಲೆಯ ಮೇಲಕ್ಕೆ ತೇಲಿತು. ಗಾಳಿ ಸುರಿಯತೊಡಗಿತು. ಬೆಳ್ಳಗೆ, ಭೋರೆಂದು, ಬಾವಿಯ ತುಂಬ. ಅದು ಅವಳ ಗಾಳಿ. ಕೈ ಚಾಚಿ ಎಳೆದ. ಡಬ್ಬಿಗಿಂತ ಕೆಳಗೆ ಹಿಡಿದ. ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬೆನ್ನಿಗೆ ಕೈ ಹಾಕಿ ಸಿಲಿಂಡರಿನ ನಲ್ಲಿ ತಿರುವಿದ. ಪೂರ್ತಿ ಮುಚ್ಚಿದ. ನಿಲ್ಲಲಿಲ್ಲ. ಎರಡೂ ಕೊಳವೆ ಕೂಡಿಸಿದ. ಮಡಿಚಿದ. ಮುಷ್ಟಿಯಲ್ಲಿ ಹಿಂಡಿದ.

ನಿಂತಿತು.

ಮುಳುಗಲು ಸೊಂಟಕ್ಕೆ ಕಟ್ಟಿದ್ದ ತೂಕ ಕಳಚಿ ಬೀಳಿಸಿದ. ಒದ್ದ. ಎದೆ ಉರಿಯಿತು. ಮುಷ್ಟಿಯೊಳಗೆ ಕೊಳವೆ ಹಕ್ಕಿಯಂತೆ ಮಿಸುಕುತ್ತಿತ್ತು. ಬಾಯಿ ತೆರೆಯೆಂದು ಮೈ ಕೂಗಿತು. ತೆರೆಯಲಿಲ್ಲ. ಕಪ್ಪು. ಕಂದು. ಹಸಿರು. ಬೆಳಕು.

“ಅಕ್ಕಾ! ಅಕ್ಕಾ, ಉಸಿರ ತಗೋ!” ಕಾಶಿನಾಥನ ದನಿ ಬಾವಿಯ ಗೋಡೆಗೆ ಬಡಿಯುತ್ತಿತ್ತು. ಸುಜಾತಾ ಮೆಟ್ಟಿಲ ಮೇಲೆ ಒರಗಿದ್ದಳು. ತುಟಿ ನೇರಳೆ. ಬಾಯಿ ತೆರೆದಿತ್ತು. ಏನೂ ಒಳಗೆ ಹೋಗುತ್ತಿರಲಿಲ್ಲ.

“ಸೆರಗ ಹರಿ!” ರಾಹುಲ ಕೆಮ್ಮಿದ, ಕೂಗಿದ. “ಆಕಿ ಸೆರಗ ಹರಿಯೋ! ಇದಕ್ಕ ಕಟ್ಟು! ನನ್ನ ಕೈ ಬಿಡಸಬ್ಯಾಡ, ಕೈಮ್ಯಾಲಿಂದ ಕಟ್ಟು!”

ಕಾಶಿನಾಥ ಹಲ್ಲಿನಿಂದ ಸೆರಗು ಹರಿದ. ಸುತ್ತಿದ. ಬಿಗಿದ. ರಾಹುಲ ಒಂದೊಂದೇ ಬೆರಳು ಎಳೆದುಕೊಂಡ. ಗಂಟು ಕೂತಿತು.

ಅವಳ ಎದೆ ಸ್ವಲ್ಪವೇ ಮೇಲೆದ್ದಿತು. ನಿಂತಿತು. ಮತ್ತೆ ಸ್ವಲ್ಪ ಎದ್ದಿತು.

ಆ ಡಬ್ಬಿ ಈಗ ಗೋಕಾಕದ ಮನೆಯ ದೇವರ ಕೋಣೆಯಲ್ಲಿದೆ, ಬಿಸಿಲು ತಾಗದ ಕಡೆ. ಸುಜಾತಾ ಶಾಲೆ ಬಿಟ್ಟಳು. ಹಾಡು ಕೇಳಿದವರಿಗೆ ಕೈಯಾಡಿಸಿ ಇಲ್ಲವೆನ್ನುತ್ತಾಳೆ. ಮಾತಿನ ನಡುವೆ ನಿಲ್ಲುತ್ತಾಳೆ, ಪಾರವ್ವ ನಿಲ್ಲುತ್ತಿದ್ದ ಹಾಗೆಯೇ. ಕರಣಿ ತೆಗೆಯುವವರು ಬಂದರು, ಡಬ್ಬಿಯ ಒಳಗಿನ ಕಲೆ ನೋಡಿ ಎದ್ದು ಹೋದರು.

ರಾಹುಲ ದಿನವೂ ಬೆಳಿಗ್ಗೆ ಕೊಳವೆಗೆ ಗ್ರೀಸು ಸವರುತ್ತಾನೆ. ಒಂದೊಂದು ಸುಕ್ಕನ್ನೂ ಬೆರಳಿನಿಂದ ತಡವುತ್ತಾನೆ. ಹೊಸ ಕೊಳವೆ ಹಾಕಬೇಕೆಂದರೆ ಗಂಟು ಬಿಚ್ಚಬೇಕು. ಬಿಚ್ಚುವ ಹಾಗಿಲ್ಲ. ಮಡಿಚಿ ಕಟ್ಟಿದ ರಬ್ಬರ್ ಮೊದಲು ಎಲ್ಲಿ ಸೀಳುತ್ತದೆಂದು ಅವನಿಗೆ ಗೊತ್ತು. ಎಷ್ಟೊಂದು ಹಳೆಯ ಕೊಳವೆಗಳನ್ನು ಅದೇ ಜಾಗದಲ್ಲಿ ಸೀಳಿದವೆಂದು ಅವನೇ ಕಿತ್ತು ಎಸೆದಿದ್ದಾನೆ.

“ಚಹಾ... ಮಾಡ್ಲೇನ್ರಿ?” ಅಡುಗೆಮನೆಯಿಂದ ಸುಜಾತಾ ಕೇಳಿದಳು.

ಗಂಟಿನ ಪಕ್ಕದ ಮಡಿಕೆಯ ಮೇಲೆ ಅವನ ಬೆರಳು ನಿಂತಿತ್ತು. ಕೂದಲೆಳೆಯಷ್ಟು ಬಿರುಕು. ಬಗ್ಗಿ ಮೂಗು ಹತ್ತಿರ ತಂದ.

ಲವಂಗದ ವಾಸನೆ ಬರುತ್ತಿತ್ತು.